ಮೆಟ್ಟಿಲ ಮೇಲೆ ಒಂದೇ ಬಾಯಿ

ಬೇರೆಯವರ ಮನೆಯನ್ನು ಡಬ್ಬಗಳಲ್ಲಿ ತುಂಬಿ, ಹೊತ್ತು, ಇಳಿಸಿ, ಇನ್ನೊಂದು ಕಡೆ ಬಿಚ್ಚಿಡುವುದು ಅವಳ ಕಸುಬು. ಅದರಿಂದಲೇ ಸಾಮಾನಕ್ಕ ಎಂಬ ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಯಾರನ್ನು ಕರೆಯುತ್ತಿದ್ದಾರಪ್ಪಾ ಎಂದು ಅವಳೇ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು.

ಗಂಡ ಗಾಡಿ ಓಡಿಸುತ್ತಿದ್ದ. ಹೊರುವುದಕ್ಕೆ ಇಬ್ಬರಿದ್ದರು, ಉದ್ದಣ್ಣ ಮತ್ತು ಕುಳ್ಳಣ್ಣ. ಆ ಹೆಸರುಗಳು ಯಾಕೆ ಬಂದವೆಂದು ಕಣ್ಣಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೀರು ಇಳಿಸುವಾಗ ಉದ್ದಣ್ಣ ಕೆಳಗೆ, ಕುಳ್ಳಣ್ಣ ಮೇಲೆ. ಆಗ ಭಾರ ಸರಿಸಮ ನಿಲ್ಲುತ್ತದೆ. ಆದರೆ ಕೆಳಗಿನವನು ಹಿಂದಹಿಂದಕ್ಕೆ ಹೆಜ್ಜೆ ಇಡಬೇಕು, ಮೇಲಿನವನ ಕಣ್ಣಿಗೆ ಬೀರುವೇ ಅಡ್ಡ. ತಮ್ಮ ಕಾಲು ತಮಗೇ ಕಾಣದು. ಸಾಮಾನಕ್ಕನ ಕೆಲಸ ಇರುವುದೇ ಅಲ್ಲಿ. ಎರಡು ಮೆಟ್ಟಿಲು ಕೆಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತು, ಇಬ್ಬರ ಕಾಲನ್ನೂ ನೋಡುತ್ತಾ ಅವಳು ಹೇಳುತ್ತಾ ಹೋಗುತ್ತಿದ್ದಳು:

"ಬಲಗಾಲು ಕೆಳಗೆ. ಇನ್ನೊಂದು. ನಿಲ್ಲು. ಉಸಿರು ತಗೊಳ್ಳಿ. ಗೋಡೆ ಬಂತು ಉದ್ದಣ್ಣ, ಮೊಣಕೈ ಒಳಗೆ. ಹಾಂ, ಇಳೀರಿ."

ಇದಕ್ಕೆ ಅವರ ಗುಂಪಿನಲ್ಲಿ "ಬಾಯಿ" ಎಂದು ಹೆಸರು. ಮೆಟ್ಟಿಲ ಮೇಲೆ ಒಂದೇ ಬಾಯಿ ಇರಬೇಕು, ಅದು ಕಾಲು ಕಾಣುವವರದೇ ಆಗಿರಬೇಕು ಎಂಬುದು ಸಾಮಾನಕ್ಕನ ಕಟ್ಟಳೆ. ಕಸುಬು ಹಿಡಿದ ಮೊದಲ ವರ್ಷ ಒಂದು ಕನ್ನಡಿ ಬೀರು ಇಳಿಸುವಾಗ ಮನೆಯ ಯಜಮಾನರು "ಎಡಕ್ಕೆ" ಅಂದರು, ಇವಳು "ಬಲಕ್ಕೆ" ಅಂದಳು, ಯಜಮಾನರ ಹೆಂಡತಿ "ಅಯ್ಯೋ, ಗೋಡೆ ಬಣ್ಣ!" ಅಂದರು. ಕನ್ನಡಿ ಚೂರುಚೂರಾಯಿತು, ಉದ್ದಣ್ಣನ ಹೆಬ್ಬೆರಳಿನ ಉಗುರು ಹೋಯಿತು. ಅಂದಿನಿಂದ ಮೆಟ್ಟಿಲ ಬಳಿ ಯಾರು ಬಾಯಿ ಹಾಕಿದರೂ, ಅವರು ಎಷ್ಟೇ ದೊಡ್ಡವರಾಗಿರಲಿ, ಸಾಮಾನಕ್ಕ ಕೈ ಎತ್ತಿ ನಿಲ್ಲಿಸುತ್ತಿದ್ದಳು. "ನೀವು ಹೇಳೋದಾದ್ರೆ ನೀವೇ ಇಲ್ಲಿ ಬಂದು ನಿಂತ್ಕೊಳ್ಳಿ ಸಾರ್. ನಾನು ಪಕ್ಕಕ್ಕೆ ಹೋಗ್ತೀನಿ." ಯಾರೂ ಬಂದು ನಿಲ್ಲುತ್ತಿರಲಿಲ್ಲ.

ಹತ್ತೊಂಬತ್ತು ವರ್ಷ ಹೀಗೆ ಹತ್ತಿ ಇಳಿದ ಮೇಲೆ ಎಡ ಮಂಡಿ ಮುಷ್ಕರ ಹೂಡಿತು. ಮೊದಲು ಸಂಜೆಯ ಹೊತ್ತು ನೋವು, ಆಮೇಲೆ ಬೆಳಿಗ್ಗೆಯೇ ನೋವು, ಕೊನೆಗೆ ಮಂಡಿ ಮಡಚಿದ್ದು ಮಡಚಿದಂತೆ ಸಿಕ್ಕಿಕೊಳ್ಳತೊಡಗಿತು. ಡಾಕ್ಟರು ಚಿತ್ರ ತೆಗೆಸಿ ನೋಡಿದರು.

"ಒಳಗಿನ ಮೆತ್ತೆ ಹರಿದಿದೆ ಕಣಮ್ಮ. ಈ ತಿಂಗಳಲ್ಲಿ ಆಪರೇಷನ್ ಆದ್ರೆ ಮತ್ತೆ ಮೆಟ್ಟಿಲು ಹತ್ತಬಹುದು. ಹೀಗೇ ಎಳೀತಾ ಹೋದ್ರೆ ಆಮೇಲೆ ನಾನು ಏನೂ ಹೇಳಲಾರೆ."

"ಎಷ್ಟು ದಿನ ಸಾರ್?"

"ದೊಡ್ಡಾಸ್ಪತ್ರೆಯಲ್ಲೇ ಆಗಬೇಕು. ಹತ್ತು ದಿನ ಅಲ್ಲೇ ಇರಬೇಕಾಗುತ್ತೆ. ಜೊತೆಗೆ ಒಬ್ಬರು ಬೇಕು."

ದೊಡ್ಡಾಸ್ಪತ್ರೆ ಇದ್ದದ್ದು ರೈಲಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ. ಜೊತೆಗೆ ಹೋಗುವವನು ಗಂಡ. ಅಂದರೆ ಮನೆಯಲ್ಲಿ ಉಳಿಯುವವರು ಮೂವರು: ಕಣ್ಣು ಮಂಜಾದ ಅತ್ತೆ, ಹದಿಮೂರರ ದೊಡ್ಡ ಮಗಳು, ಎಂಟರ ಪುಟ್ಟಿ. ಸಾಮಾನಕ್ಕ ಗಂಡನ ಮುಖ ನೋಡಿದಳು. ಮಂಡಿಯ ನೋವು ಮರೆತೇ ಹೋಯಿತು. ಹತ್ತು ದಿನ! ಆ ಮನೆ ಅವಳಿಲ್ಲದೆ ಹತ್ತು ನಿಮಿಷ ನಡೆದದ್ದನ್ನು ಅವಳು ಕಂಡಿರಲಿಲ್ಲ.

ಅವಳ ಭಯ ಸುಳ್ಳೇನಲ್ಲ. ಮೊದಲ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಪ್ರಶ್ನೆಗಳ ಸುರಿಮಳೆ. "ಅಮ್ಮಾ, ಯಾವ ಬಕೆಟ್ಟು, ನೀಲೀದಾ ಕೆಂಪುದಾ?" "ಅಮ್ಮಾ, ಮೊಟ್ಟೆ ಎರಡಾ ಮೂರಾ?" "ಅಮ್ಮಾ, ಒದ್ದೆ ಟವೆಲ್ ಎಲ್ಲಿ ಹಾಕ್ಲಿ?" ಎಲ್ಲವೂ ದೊಡ್ಡವಳದೇ. ಟವೆಲ್ ಒಣಹಾಕುವ ಹಗ್ಗ ಆ ಮನೆಯಲ್ಲಿ ಇದ್ದದ್ದೇ ಒಂದು. ಆದರೂ ಕೇಳುತ್ತಿದ್ದಳು. ಮೆತ್ತಗಿನ ಹುಡುಗಿ, ನಡೆದರೆ ಕಾಲ ಸದ್ದು ಕೇಳದು, ಮಾತಾಡಿದರೆ ಪಕ್ಕದವರಿಗೂ ಕೇಳದು. ಪುಟ್ಟಿಯದು ತದ್ವಿರುದ್ಧ. ಅವಳು ಬಾಯಿ ತೆರೆದರೆ ಕೆಳಗಿನ ಅಂಗಡಿಯವನು ತಲೆ ಎತ್ತಿ ನೋಡಬೇಕು. ಅಕ್ಕಪಕ್ಕದವರೆಲ್ಲ "ಇವಳು ನೋಡಿ ಸಾಮಾನಕ್ಕ, ನಿಮ್ಮ ಹಾಗೇ! ಹುಟ್ಟು ಲೀಡರ್ರು" ಎನ್ನುತ್ತಿದ್ದರು. ಸಾಮಾನಕ್ಕ ಒಳಗೊಳಗೇ ಹಿಗ್ಗುತ್ತಿದ್ದಳು. ದೊಡ್ಡವಳ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ.

ಹೋಗುವ ದಿನಕ್ಕೆ ಮೂರು ವಾರ ಇತ್ತು. ಅಷ್ಟರೊಳಗೆ ಮಕ್ಕಳನ್ನು ಮನೆ ನಡೆಸುವಂತೆ ತಯಾರು ಮಾಡಿಬಿಡುತ್ತೇನೆ ಎಂದು ಸಾಮಾನಕ್ಕ ಟೊಂಕ ಕಟ್ಟಿದಳು. ತಯಾರು ಮಾಡುವುದು ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ. ಗಾಡಿಯಿಂದ ಚೀಟಿಗಳ ಕಟ್ಟು ತಂದಳು. ಡಬ್ಬಗಳಿಗೆ ಅಂಟಿಸುವ ಚೀಟಿಗಳು ಅವು: ಕೆಂಪಿನ ಮೇಲೆ "ಜೋಪಾನ", ಹಳದಿಯ ಮೇಲೆ "ಮೊದಲು", ನೀಲಿಯ ಮೇಲೆ "ಕೊನೆಗೆ". ಮಕ್ಕಳು ಶಾಲೆಯಿಂದ ಬರುವುದರೊಳಗೆ ಮನೆಗೆ ಮನೆಯೇ ಹೊರಟು ನಿಂತ ಹಾಗಿತ್ತು. ಕೆಟಲಿಗೆ "ಮೊದಲು", ಒಲೆಗೆ "ಜೋಪಾನ", ಪೊರಕೆಗೆ "ಕೊನೆಗೆ". ಬಾಗಿಲ ಹಿಂದೆ ನಲವತ್ತೆರಡು ಕೆಲಸಗಳ ಪಟ್ಟಿ. ನಲವತ್ತೊಂದನೆಯದು, "ಪಟ್ಟಿ ಪೂರ್ತಿ ಆಯಿತೇ ನೋಡುವುದು." ನಲವತ್ತೆರಡನೆಯದು, "ಇನ್ನೊಮ್ಮೆ ನೋಡುವುದು."

ಅತ್ತೆ ಗೋಡೆ ಸವರಿಕೊಂಡು ಬಂದವರು ಬೆರಳಿಗೆ ಸಿಕ್ಕ ಚೀಟಿಯನ್ನು ತಡವಿ ನೋಡಿದರು.

"ಏನಮ್ಮ ಇದು? ಮನೆ ಖಾಲಿ ಮಾಡ್ತಿದ್ದೀವಾ?"

"ಇಲ್ಲ ಅತ್ತೆ. ಮಕ್ಕಳಿಗೆ ಅನುಕೂಲ ಆಗ್ಲಿ ಅಂತ."

"ಹಾಗಾದ್ರೆ ನನ್ನ ಬೆನ್ನಿಗೂ ಒಂದು ಜೋಪಾನ ಅಂಟಿಸಿಬಿಡು ತಾಯಿ."

ಪುಟ್ಟಿ ಓಡಿಬಂದು ಅಜ್ಜಿಯ ಬೆನ್ನಿಗೆ ಚೀಟಿ ಅಂಟಿಸಿಯೇಬಿಟ್ಟಳು. ನೀಲಿಯದು. ದೊಡ್ಡವಳು ಓದಿ ಗಾಬರಿಯಿಂದ ಕಿತ್ತಳು. ಅಜ್ಜಿ ಏನು ಬರೆದಿತ್ತೆಂದು ಕೇಳಿ ತಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೊನೆಗೆ ಅಂತಾನಾ? ಸರಿಯಾಗೇ ಇದೆ, ಬಿಡು! ನನಗೇನೂ ಅವಸರ ಇಲ್ಲ."

ಭಾನುವಾರ ಪರೀಕ್ಷೆ. ಸಾಮಾನಕ್ಕ ಪುಟ್ಟಿಯನ್ನು ಕರೆದು "ಇವತ್ತು ನೀನೇ ಬಾಯಿ, ಮಗಳೇ. ಅಕ್ಕ ಕೈ" ಎಂದು ಹೇಳಿ, ತಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಳು. ತುಟಿ ಪಿಟಕ್ಕೆನ್ನುವುದಿಲ್ಲ ಎಂದು ತೀರ್ಮಾನ ಮಾಡಿದ್ದಳು. ಆ ತೀರ್ಮಾನ ಪುಟ್ಟಿ ಮೊದಲ ಅಪ್ಪಣೆ ಕೊಡುವವರೆಗೆ ಬಾಳಿತು.

ಪುಟ್ಟಿ ಸೊಂಟದ ಮೇಲೆ ಕೈ ಇಟ್ಟು ಕೋಣೆಯ ನಡುವೆ ನಿಂತಳು. "ಅಕ್ಕಾ, ಗುಡಿಸು! ಅಜ್ಜೀ, ಆಲೂಗಡ್ಡೆ ಸಿಪ್ಪೆ ತೆಗೀರಿ! ಅಕ್ಕಾ, ಗುಡಿಸೋದು ಬಿಡು, ಚಹಾ ಇಡು! ಅಕ್ಕಾ, ಯಾಕೆ ಇನ್ನೂ ಗುಡಿಸಿಲ್ಲ?"

"ಕಣ್ಣು ಕಾಣದವರ ಕೈಗೆ ಚಾಕು ಕೊಡ್ತೀಯಾ?" ಎಂದು ಸಾಮಾನಕ್ಕ ಕುರ್ಚಿಯಿಂದಲೇ ಕೂಗಿದಳು. ಆಮೇಲೆ "ಪೊರಕೆ ಕೊನೆಗೆ ಅಂತ ಬರ್ದಿಲ್ವಾ?" ಅಂದಳು. ಆಮೇಲೆ "ಹಾಗಲ್ಲ", "ಆ ಕಡೆ ಅಲ್ಲ", "ಕೊಡು ಇಲ್ಲಿ". ದೊಡ್ಡವಳು ಪೊರಕೆ ಹಿಡಿದು ತಂಗಿಯನ್ನೊಮ್ಮೆ, ತಾಯಿಯನ್ನೊಮ್ಮೆ ನೋಡುತ್ತಾ ನಿಂತಳು. ಹಾಲು ಉಕ್ಕಿತು. ಪುಟ್ಟಿ ಅತ್ತಳು. ಮಧ್ಯಾಹ್ನದ ಹೊತ್ತಿಗೆ ಸಾಮಾನಕ್ಕ ಕುಂಟುತ್ತಾ ಎದ್ದು ಎಲ್ಲವನ್ನೂ ತಾನೇ ಮಾಡಿದ್ದಳು.

ಸೋಮವಾರ ಅವಳು ಆಸ್ಪತ್ರೆಗೆ ಫೋನ್ ಮಾಡಿ ತಾರೀಕು ಮುಂದೆ ಹಾಕಲು ಆಗುತ್ತದೆಯೇ ಎಂದು ವಿಚಾರಿಸಿದಳು. ಅತ್ತ ಕಡೆಯ ಹೆಂಗಸು, ಈ ತಾರೀಕು ಬಿಟ್ಟರೆ ಇನ್ನು ಐದು ತಿಂಗಳು, ಬುಧವಾರದೊಳಗೆ ಖಚಿತವಾಗಿ ತಿಳಿಸಿ ಎಂದಳು. ಗಂಡ ಕೇಳಿಸಿಕೊಂಡ. ಮಾತು ಕಮ್ಮಿಯ ಮನುಷ್ಯ. "ಐದು ತಿಂಗಳು ಅಂದ್ರೆ ನಿನ್ನ ಕಾಲು ಹೋದ ಹಾಗೇ ಕಣೇ" ಎಂದಷ್ಟೇ ಹೇಳಿ ಗಾಡಿ ಒರೆಸಲು ಹೋದ.

ಮರುದಿನ ಸಂಜೆ ಬೀರುವಿನ ಸರದಿ. ಆಪರೇಷನ್ ಆಗಲಿ, ಬಿಡಲಿ, ಇನ್ನು ಸಾಮಾನಕ್ಕನ ಮಂಚವನ್ನು ಮುಂದಿನ ಕೋಣೆಗೆ ತರಬೇಕಿತ್ತು; ಅದಕ್ಕೆ ಅತ್ತೆಯ ಹಳೆಯ ಮರದ ಬೀರು ಜಾಗ ಬಿಡಬೇಕಿತ್ತು. ಕೆಳಗಿನ ಅಂಗಡಿಯವನು ತನ್ನ ಹಿಂದಿನ ಕೋಣೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದ. ಉದ್ದಣ್ಣ ಕುಳ್ಳಣ್ಣ ಬಂದರು. ಬೀರು ಹೆಬ್ಬಾಗಿಲಷ್ಟು ಅಗಲ, ಭಾರವೋ ಕೇಳಬೇಡಿ.

"ಸಾಮಾನಕ್ಕ, ಒಳಗೆ ನಿಮ್ಮ ಅತ್ತೆ ಏನಾದ್ರೂ ಕೂತಿದ್ದಾರಾ?" ಎಂದ ಕುಳ್ಳಣ್ಣ.

"ನಾನು ಇಲ್ಲಿದ್ದೀನಪ್ಪ," ಅತ್ತೆ ಒಳಗಿನಿಂದ ಹೇಳಿದರು. "ನಿನ್ನ ತೋಳಲ್ಲಿ ಬಲ ಇಲ್ಲ ಅನ್ನೋದನ್ನ ನನ್ನ ಮೇಲೆ ಹಾಕ್ಬೇಡ."

ಅಂದು ಸಾಮಾನಕ್ಕನ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಇಳಿಯುವ ಮಾತೇ ಇಲ್ಲ. ಮೇಲೆ, ಬಾಗಿಲಾಚೆಯ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಳು. ಗಂಡ ಕುಳ್ಳಣ್ಣನ ಪಕ್ಕ ಮೇಲ್ಗಡೆ ಹಿಡಿದ. ಪುಟ್ಟಿ ಅಮ್ಮನ ಕುರ್ಚಿಗೆ ಜೋತುಬಿದ್ದಳು. ದೊಡ್ಡವಳಿಗೆ ಯಾರೂ ಏನೂ ಹೇಳಿರಲಿಲ್ಲ. ಗೋಡೆಗೆ ಗೀಚು ಬೀಳದ ಹಾಗೆ ಮೂಲೆಗೆ ಹಿಡಿಯಲು ಒಂದು ಹಳೆಯ ಕಂಬಳಿ ತೆಗೆದುಕೊಂಡು ಅವಳು ತಿರುವಿನ ಕೆಳಗೆ ಹೋಗಿ ನಿಂತಿದ್ದಳು.

ಮೊದಲ ಒಂಬತ್ತು ಮೆಟ್ಟಿಲು ಸಾಮಾನಕ್ಕ ಮೇಲಿನಿಂದಲೇ ಹೇಳಿದಳು, ಸರಾಗವಾಗಿ ಇಳಿಯಿತು. ಹತ್ತನೆಯದಕ್ಕೆ ಮೆಟ್ಟಿಲು ಎಡಕ್ಕೆ ಹೊರಳುತ್ತದೆ. ಅಲ್ಲಿಂದಾಚೆ ಅವಳಿಗೆ ಕಂಡದ್ದು ಬೀರುವಿನ ನೆತ್ತಿ ಮಾತ್ರ.

"ಎಡಕ್ಕೆ ತಿರುಗ್ಸಿ!" ಎಂದಳು.

"ಬಲಕ್ಕೆ ಸ್ವಲ್ಪ ಕೊಡೋ," ಎಂದ ಗಂಡ.

"ಎತ್ತಿ! ಎತ್ತಿ!" ಎಂದಳು ಪುಟ್ಟಿ.

ಕರ್ರೆಂಬ ಸದ್ದು. ಆಮೇಲೆ ಉದ್ದಣ್ಣನ ದನಿ. ಅದು ಮಾತಾಗಿರಲಿಲ್ಲ.

"ಏನಾಯ್ತು? ಉದ್ದಣ್ಣಾ! ಎಡಕ್ಕೆ ತಳ್ಳಿ ಅಂದೆನಲ್ಲ! ರೀ, ನೀವು ಯಾಕ್ರೀ..."

"ತಳ್ಳಬೇಡಿ!" ಉದ್ದಣ್ಣ ಕೆಳಗಿನಿಂದ ಕೂಗಿದ. "ಕೈ! ನನ್ನ ಕೈ!"

ಸಾಮಾನಕ್ಕ ಕುರ್ಚಿಯಿಂದ ಏಳಲು ಹೋದಳು, ಮಂಡಿ ಸಿಕ್ಕಿಕೊಂಡಿತು. ಮತ್ತೆ ಕುರ್ಚಿಗೇ ಕುಸಿದಳು. ಆದರೂ ಬಾಯಿ ನಿಲ್ಲಲಿಲ್ಲ. "ಮುಂದಕ್ಕೆ ತಗೊಳ್ಳಿ, ಮುಂದಕ್ಕೆ!" ಗಂಡನೂ ಏನೋ ಅಂದ, ಪುಟ್ಟಿಯೂ ಏನೋ ಅಂದಳು. ಆ ಗದ್ದಲದ ನಡುವೆ, ತಿರುವಿನ ಕೆಳಗಿನಿಂದ ಒಂದು ಸಣ್ಣ ದನಿ ಎರಡು ಸಲ ಬಂತು, ಯಾರಿಗೂ ಕೇಳಲಿಲ್ಲ. ಮೂರನೇ ಸಲ ಕೇಳಿತು.

"ಅಮ್ಮಾ! ಸುಮ್ನಿರು! ನಿಂಗೆ ಕಾಲು ಕಾಣ್ತಿಲ್ಲ. ನಂಗೆ ಕಾಣ್ತಿದೆ."

ಮೆಟ್ಟಿಲ ಮೇಲೆ ಹತ್ತೊಂಬತ್ತು ವರ್ಷದಲ್ಲಿ ಸಾಮಾನಕ್ಕನಿಗೆ ಯಾರೂ ಸುಮ್ಮನಿರು ಎಂದಿರಲಿಲ್ಲ. ಅವಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು, ಮಾತು ಮಾತ್ರ ನಿಂತಿತು.

"ಅಪ್ಪಾ, ನೀನೂ ಸುಮ್ನಿರು. ಪುಟ್ಟೀ, ನೀನು ಒಳಗೆ ಹೋಗಿ ಅಜ್ಜಿ ಹತ್ರ ಕೂತ್ಕೋ. ಉದ್ದಣ್ಣ, ಯಾವ ಬೆರಳು ಸಿಕ್ಕಿದೆ?"

"ಬಲಗೈದು. ನಾಲ್ಕೂ."

"ಭಾರ ತಡೀತೀರಾ ಇನ್ನೂ ಸ್ವಲ್ಪ?"

"ತಡೀತೀನಿ ಮಗು. ಬೇಗ."

"ಕುಳ್ಳಣ್ಣ, ಅಪ್ಪ, ಒಂದು ಮೆಟ್ಟಿಲು ವಾಪಸ್ ಮೇಲಕ್ಕೆ. ನಾನು ಮೂರು ಅಂದಾಗ."

ವಾಪಸ್ ಮೇಲಕ್ಕೆ! ಸಾಮಾನಕ್ಕ ಕುರ್ಚಿಯ ಕೈ ಹಿಡಿದಳು. ಇಳಿಸಲು ಹೊರಟ ಬೀರುವನ್ನು ಹಿಂದಕ್ಕೆ ಎತ್ತುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಹೇಗಾದರೂ ಮಾಡಿ ಮುಂದಕ್ಕೇ ಹೊಗಿಸುತ್ತಿದ್ದಳು. ನಾಲಗೆಯ ತುದಿಗೆ ಬಂದ ಮಾತನ್ನು ಹಲ್ಲು ಕಚ್ಚಿ ತಡೆದಳು.

"ಒಂದು. ಎರಡು. ಮೂರು."

ಬೀರುವಿನ ನೆತ್ತಿ ಒಂದು ಗೇಣು ಮೇಲೆ ಬಂತು. ಕೆಳಗೆ ಉದ್ದಣ್ಣ ಉಸಿರು ಬಿಟ್ಟದ್ದು ಮೇಲಿನವರೆಗೂ ಕೇಳಿತು.

"ನಿಲ್ಲಿ. ಗೋಡೆಗೆ ಒರಗ್ಸಿ. ಕಂಬಳಿ ಇದೆ, ಒರಗ್ಸಿ. ಉದ್ದಣ್ಣ, ಬೆರಳು ಮಡಚಿ ನೋಡಿ. ಎಲ್ಲಾ ಮಡಚ್ತಾ?"

"ಮಡಚ್ತು. ಚರ್ಮ ಸುಲಿದಿದೆ ಅಷ್ಟೇ."

"ಹಾಗಾದ್ರೆ ಎಲ್ರೂ ಉಸಿರು ತಗೊಳ್ಳಿ. ಈಗ ಬೀರು ನಿಲ್ಲಿಸ್ಕೊಂಡೇ ತಿರುಗ್ಸೋಣ, ಮಲಗಿಸ್ಕೊಂಡು ಬೇಡ. ಉದ್ದಣ್ಣ, ನಿಮಗೆ ಹಾಗೆ ಆಗುತ್ತಾ?"

ಕೇಳಿದಳು. ಹುಡುಗಿ ಹೇಳುತ್ತಿರಲಿಲ್ಲ, ಕೇಳುತ್ತಿದ್ದಳು. ಉತ್ತರ ಬಂದ ಮೇಲೆ ಹೇಳುತ್ತಿದ್ದಳು. ಸಾಮಾನಕ್ಕನ ಕಣ್ಣಿಗೆ ಏನೂ ಕಾಣದಿದ್ದರೂ ಕಿವಿಯಲ್ಲಿ ಇಡೀ ಮೆಟ್ಟಿಲು ಕಾಣಿಸಿತು. ಬಲಗಾಲು. ಇನ್ನೊಂದು. ನಿಲ್ಲಿ. ಕೊನೆಗೆ ಕೆಳಗೆ ಅಂಗಡಿಯ ಬಾಗಿಲ ಬಳಿ ಬೀರು ನೆಲಕ್ಕೆ ಕೂತ ಸದ್ದು.

ಕುಳ್ಳಣ್ಣ ಬೆವರು ಒರೆಸಿಕೊಳ್ಳುತ್ತಾ ಹತ್ತಿ ಬಂದ. "ಸಾಮಾನಕ್ಕ, ಇನ್ಮೇಲೆ ನೀವು ಮನೇಲೇ ಇರಿ. ನಮಗೆ ಹೊಸ ಬಾಯಿ ಸಿಕ್ತು. ಇದು ಬೈಯೋದೂ ಇಲ್ಲ."

ದೊಡ್ಡವಳು ಕಂಬಳಿ ಮಡಚಿಕೊಂಡು ಕೊನೆಯಲ್ಲಿ ಬಂದಳು. ಮುಖ ಬಿಳಿಚಿತ್ತು. ಅಮ್ಮನ ಎದುರು ನಿಂತು, ಎಂದಿನ ದನಿಯಲ್ಲಿ ಕೇಳಿದಳು: "ಅಮ್ಮಾ, ಈ ಕಂಬಳಿ ಎಲ್ಲಿಡ್ಲಿ?"

ಉದ್ದಣ್ಣ ಗೊಳ್ಳೆಂದು ನಕ್ಕ. ಸಾಮಾನಕ್ಕ ನಗಲಿಲ್ಲ. ಎಲ್ಲರೂ ಹೋದ ಮೇಲೆ ಮಗಳನ್ನು ಪಕ್ಕ ಕೂರಿಸಿಕೊಂಡಳು.

"ಅಷ್ಟೆಲ್ಲಾ ಗೊತ್ತಿದ್ದು ನೀನು ಕಂಬಳಿಗೂ ಟವೆಲ್‌ಗೂ ನನ್ನನ್ನ ಕೇಳ್ತೀಯಲ್ಲ, ಯಾಕೇ?"

ದೊಡ್ಡವಳು ಕಂಬಳಿಯ ಎಳೆ ಕೀಳುತ್ತಾ ಕೂತಳು. "ಕೇಳ್ದೆ ಇಟ್ರೆ ನೀನು ತೆಗೆದು ಬೇರೆ ಕಡೆ ಇಡ್ತೀಯ," ಎಂದಳು. "ಎರಡು ಸಲ ಕೆಲಸ ಯಾಕೆ ಅಂತ."

ದೂರುವ ದನಿ ಅಲ್ಲ ಅದು. ಹೊರಗೆ ಬಿಸಿಲಿದೆ ಎನ್ನುವ ಹಾಗೆ ಹೇಳಿದ್ದಳು. ಒಳಗಿನಿಂದ ಅತ್ತೆ ಒಮ್ಮೆ ಕೆಮ್ಮಿದರು. ಆ ಕೆಮ್ಮಿಗೆ ಅರ್ಥವಿತ್ತು. ಅತ್ತೆಯೂ ಹದಿನೈದು ವರ್ಷದಿಂದ ಸಕ್ಕರೆ ಡಬ್ಬ ಎಲ್ಲಿಡಲಿ ಎಂದು ಕೇಳುತ್ತಲೇ ಇದ್ದರು.

ಸಾಮಾನಕ್ಕ ತನ್ನ ಮಂಡಿ ನೀವಿಕೊಂಡಳು. ಪರರ ಮೆಟ್ಟಿಲ ಮೇಲೆ ಯಜಮಾನರನ್ನು ಕೈ ಎತ್ತಿ ನಿಲ್ಲಿಸುತ್ತಿದ್ದವಳು, ತನ್ನ ಮನೆಯಲ್ಲಿ ಕಾಲು ಕಾಣದ ಕಡೆಯಲ್ಲೆಲ್ಲ ಬಾಯಿ ಹಾಕುತ್ತಿದ್ದಳು. ಗದ್ದಲ ಮಾಡುವವಳೇ ಮುಂದಾಳು ಎಂದುಕೊಂಡು ಪುಟ್ಟಿಯನ್ನು ಮುಂದೆ ನಿಲ್ಲಿಸಿದ್ದಳು. ಮೂಲೆಗೆ ಬೇಕಾಗುತ್ತದೆಂದು ಯಾರೂ ಹೇಳದೆ ಕಂಬಳಿ ತಂದವಳನ್ನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲು ಆಸ್ಪತ್ರೆಗೆ ಫೋನ್ ಮಾಡಿ "ಬರ್ತೀವಿ" ಎಂದಳು. ಆಮೇಲೆ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಒಲೆಯ ಮೇಲಿನ "ಜೋಪಾನ" ಒಂದನ್ನು ಮಾತ್ರ ಬಿಟ್ಟಳು.

ಉಳಿದ ಹನ್ನೊಂದು ದಿನ ಅವಳು ಪಟ್ಟ ಪಾಡು ಮಂಡಿಯ ನೋವಿಗಿಂತ ಹೆಚ್ಚಿನದು. "ಅಮ್ಮಾ, ನೀಲೀದಾ ಕೆಂಪುದಾ?" ಎಂದು ಪ್ರಶ್ನೆ ಬಂದರೆ "ನೀನು ಅಲ್ಲಿದ್ದೀಯ, ನಿನಗೆ ಏನು ಕಾಣ್ಸುತ್ತೆ?" ಎನ್ನುವುದು. ಅಷ್ಟು ಹೇಳಿ ಬಾಯಿ ಮುಚ್ಚುವುದು. ಮಗಳು ಏನು ಮಾಡಿದರೂ ಎದ್ದು ಹೋಗಿ ಸರಿಪಡಿಸದಿರುವುದು. ಈ ಕೊನೆಯದೇ ಕಷ್ಟ. ದೊಡ್ಡವಳು ಬಿಳಿಯ ದಿಂಬಿನ ಚೀಲಗಳ ಜೊತೆ ಕೆಂಪು ಅಂಗಿ ನೆನೆಹಾಕುವುದನ್ನು ಸಾಮಾನಕ್ಕ ಕಣ್ಣಾರೆ ಕಂಡಳು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ದಿಂಬುಗಳೆಲ್ಲ ಗುಲಾಬಿಯಾದವು. ದೊಡ್ಡವಳು ಹಗ್ಗದ ಮುಂದೆ ನಿಂತು ಅಳುವ ಹಾಗಾದಳು.

"ಇನ್ನೊಂದು ಸಲ ಏನ್ಮಾಡ್ತೀಯ?" ಎಂದು ಸಾಮಾನಕ್ಕ ಕೇಳಿದಳು.

"ಕೆಂಪು ಬೇರೆ ಹಾಕ್ತೀನಿ."

"ಸರಿ. ಗುಲಾಬಿ ಮೇಲೂ ನಿದ್ದೆ ಬರುತ್ತೆ ಬಿಡು."

ಆ ಹುಡುಗಿ ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಮಾರನೆಯ ದಿನ ಟವೆಲ್ ಎಲ್ಲಿ ಹಾಕಲಿ ಎಂದು ಕೇಳಲಿಲ್ಲ. ಹಾಕಿದಳು.

ಪುಟ್ಟಿಯನ್ನು ದೊಡ್ಡವಳು ಸಂಭಾಳಿಸಿದ ರೀತಿಯಂತೂ ಸಾಮಾನಕ್ಕನಿಗೆ ಹೊಳೆದಿರಲಿಲ್ಲ. ಪುಟ್ಟಿಗೆ ಕೆಲಸ ಹೇಳಿದರೆ ಜಗಳ. ಅದಕ್ಕೆ ಅವಳ ಗಂಟಲಿಗೇ ಕೆಲಸ ಕೊಟ್ಟಳು. ಬೆಳಿಗ್ಗೆ ಎಲ್ಲರನ್ನೂ ಕೂಗಿ ಎಬ್ಬಿಸುವುದು, ಅಜ್ಜಿಯ ಕಣ್ಣಿಗೆ ಔಷಧಿಯ ಹನಿ ಹಾಕುವ ಹೊತ್ತಿಗೆ ಕೂಗುವುದು, ಬ್ರೆಡ್ಡಿನ ಗಾಡಿ ಬಂದರೆ ಕಿಟಕಿಯಿಂದ ಕೂಗಿ ನಿಲ್ಲಿಸುವುದು. "ನೀನಿಲ್ದೆ ಆಗಲ್ಲ ಕಣೇ ಇದು," ಎಂದಳಂತೆ. ಪುಟ್ಟಿ ಗಡಿಯಾರದ ಮುಂದೆಯೇ ಊಟ ಮಾಡತೊಡಗಿದಳು.

ಹೊರಡುವ ದಿನ ಸಾಮಾನಕ್ಕ ಬಾಗಿಲ ಬಳಿ ಬ್ಯಾಗು ಹಿಡಿದು ನಿಂತು, ಹೇಳಬೇಕಾದದ್ದು ನೂರಾರು ನೆನಪಾಗಿ, ಒಂದನ್ನೂ ಹೇಳದೆ "ಬರ್ತೀನಿ" ಎಂದಳು.

"ಆಸ್ಪತ್ರೇಲಿ ಅವರಿಗೆ ಹೇಳ್ಕೊಡೋಕೆ ಹೋಗ್ಬೇಡ ತಾಯಿ," ಎಂದರು ಅತ್ತೆ. "ಅಲ್ಲಿ ಕತ್ತಿ ಅವರ ಕೈಲಿರುತ್ತೆ."

ಆಪರೇಷನ್ ಸುಸೂತ್ರವಾಯಿತು. ಗಂಡ ದಿನಾ ಸಂಜೆ ಫೋನ್ ಮಾಡಿ ಎರಡು ಮಾತಾಡಿ ಇಡುತ್ತಿದ್ದ. ಸಾಮಾನಕ್ಕ ನಾಲ್ಕು ದಿನ ತಡೆದಳು. ಐದನೆಯ ದಿನ ಮನಸ್ಸು ಕೇಳಲಿಲ್ಲ. ಫೋನ್ ಎತ್ತಿದವಳು ಪುಟ್ಟಿ.

"ಅಮ್ಮಾ! ಅಕ್ಕ ಈಗ ಮಾತಾಡಲ್ಲ. ಕೆಲಸದಲ್ಲಿದ್ದಾಳೆ."

"ಏನು ಕೆಲಸ? ಹಿಂದೆ ಏನದು ಸದ್ದು? ಯಾರದು ಗಂಡಸಿನ ದನಿ?"

"ಏನಿಲ್ಲ! ಆಮೇಲೆ ಹೇಳ್ತೀವಿ!" ಎಂದು ಪುಟ್ಟಿ ಫೋನ್ ಇಟ್ಟೇಬಿಟ್ಟಳು.

ಸಾಮಾನಕ್ಕ ತಟ್ಟನೆ ಎದ್ದು ಕೂತಳು. ಮತ್ತೆ ಫೋನ್ ಒತ್ತಲು ಹೋದ ಕೈಯನ್ನು ಗಂಡ ಮೆಲ್ಲಗೆ ಹಿಡಿದ. "ನಿನಗೆ ಇಲ್ಲಿಂದ ಕಾಲು ಕಾಣುತ್ತಾ?" ಎಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಆಡಿದ ಅತಿ ಜಾಣ ಮಾತು ಅದೇ ಎಂದು ಅವಳು ಆಮೇಲೆ ಎಲ್ಲರ ಬಳಿ ಹೇಳಿಕೊಂಡು ನಗುತ್ತಿದ್ದಳು. ಅಂದು ಮಾತ್ರ ನಗು ಬರಲಿಲ್ಲ. ಸಂಜೆಯವರೆಗೂ ಫೋನಿನ ಮೇಲೆ ಕಣ್ಣಿಟ್ಟುಕೊಂಡೇ ಮಲಗಿದ್ದಳು. ಸಂಜೆ ದೊಡ್ಡವಳೇ ಫೋನ್ ಮಾಡಿದಳು. ಅಡುಗೆಕೋಣೆಯ ನಲ್ಲಿ ಕಿತ್ತುಬಂದು ನೀರು ಚಿಮ್ಮಿತ್ತಂತೆ. ಮೊದಲು ಕೆಳಗಿನ ಮುಖ್ಯ ನಲ್ಲಿ ಮುಚ್ಚಿದಳಂತೆ. ಅಜ್ಜಿ ಜಾರದ ಹಾಗೆ ಮಂಚದ ಮೇಲೆ ಕೂರಿಸಿದಳಂತೆ. ಪುಟ್ಟಿ ಕಿಟಕಿಯಿಂದ ಕೂಗಿದ ಕೂಗಿಗೆ ಅಂಗಡಿಯವನೂ, ಅವನ ಹಿಂದೆ ಕುಳ್ಳಣ್ಣನೂ ಓಡಿ ಬಂದರಂತೆ.

"ನನಗೆ ಯಾಕೇ ಆಗಲೇ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಲ್ಲಿ ಏನು ಮಾಡ್ತಿದ್ದೆ?" ದೊಡ್ಡವಳು ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. "ಸರಿಹೋದ ಮೇಲೆ ಹೇಳೋಣ ಅಂದ್ಕೊಂಡೆ. ಸರಿಹೋಯ್ತು."

ಸಾಮಾನಕ್ಕ ಫೋನ್ ಇಟ್ಟು ದಿಂಬಿಗೆ ಒರಗಿದಳು. ಆವತ್ತು ಅವಳು ನಿದ್ದೆ ಮಾಡಿದ ಪರಿಗೆ, ಬೆಳಿಗ್ಗೆ ನರ್ಸಮ್ಮ ಎರಡು ಸಲ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ ಗಾಡಿ ಮನೆಯ ಮುಂದೆ ನಿಂತಿತು. ರೈಲು ನಿಲ್ದಾಣಕ್ಕೆ ಕುಳ್ಳಣ್ಣನೇ ಗಾಡಿ ತಂದಿದ್ದ. ಸಾಮಾನಕ್ಕನ ಕೈಯಲ್ಲಿ ಕೋಲು, ಮಂಡಿಗೆ ಪಟ್ಟಿ. ತಲೆ ಎತ್ತಿ ಮೆಟ್ಟಿಲು ನೋಡಿದಳು. ಊರಿನ ಮೆಟ್ಟಿಲುಗಳನ್ನೆಲ್ಲ ಹತ್ತಿದವಳಿಗೆ ತನ್ನ ಮನೆಯ ಇಪ್ಪತ್ತೆರಡು ಮೆಟ್ಟಿಲು ಬೆಟ್ಟವಾಗಿ ಕಂಡಿತು.

"ಏನೂ ಯೋಚ್ನೆ ಬೇಡ ಸಾಮಾನಕ್ಕ," ಎಂದ ಉದ್ದಣ್ಣ, ತೋಳು ಮಡಿಸುತ್ತಾ. "ಕುರ್ಚಿ ಸಮೇತ ಎತ್ತಿಬಿಡ್ತೀವಿ. ಬೀರುಗಿಂತ ಹಗುರ ತಾನೇ ನೀವು?"

"ಬೀರು ಬೈಯಲ್ಲ," ಎಂದ ಕುಳ್ಳಣ್ಣ.

ದೊಡ್ಡವಳು ಮೆಟ್ಟಿಲಿಳಿದು ಬಂದಳು. "ಎತ್ತೋದು ಬೇಡ. ಡಾಕ್ಟರು ನಡೆಸಿಯೇ ಹತ್ತಿಸ್ಬೇಕು ಅಂದಿದ್ದಾರಂತೆ, ಅಪ್ಪ ಫೋನಲ್ಲಿ ಹೇಳಿದ್ರು. ಹತ್ತುವಾಗ ಒಳ್ಳೇ ಕಾಲು ಮೊದ್ಲು. ಉದ್ದಣ್ಣ, ನೀವು ಅಮ್ಮನ ಹಿಂದೆ ಬನ್ನಿ, ಮುಟ್ಟಬೇಡಿ, ಕೈ ಸಿದ್ಧ ಇಟ್ಕೊಳ್ಳಿ. ಅಪ್ಪ, ಬ್ಯಾಗು ನೀನು ತಗೋ. ಪುಟ್ಟೀ, ಮೇಲಿಂದ ಯಾರಾದ್ರೂ ಇಳಿದು ಬಂದ್ರೆ ಕೂಗು."

"ಯಾರೂ ಇಳೀಬೇಡೀ!" ಎಂದು ಪುಟ್ಟಿ ಆಗಲೇ ಕೂಗಿಯಾಗಿತ್ತು. ಮೂರನೇ ಮಹಡಿಯಲ್ಲಿ ಒಂದು ಬಾಗಿಲು ಮುಚ್ಚಿಕೊಂಡ ಸದ್ದಾಯಿತು.

ದೊಡ್ಡವಳು ಎರಡು ಮೆಟ್ಟಿಲು ಮೇಲೆ, ಗೋಡೆಗೆ ಬೆನ್ನು ಹಚ್ಚಿ ನಿಂತಳು. ಕಣ್ಣು ಅಮ್ಮನ ಪಾದದ ಮೇಲೆ.

"ಬಲಗಾಲು. ಈಗ ಕೋಲು. ಈಗ ಎಡಗಾಲು. ನಿಲ್ಲು."

"ನಾನೇನು..." ಎಂದಳು ಸಾಮಾನಕ್ಕ.

"ಅಮ್ಮಾ."

ಸಾಮಾನಕ್ಕ ಸುಮ್ಮನಾದಳು. ಹಿಂದೆ ಉದ್ದಣ್ಣ ನಗು ತಡೆಯಲಾರದೆ ಕೆಮ್ಮಿದ.

"ಬಲಗಾಲು. ಕೋಲು. ನೋವಾಗ್ತಿದೆಯಾ?"

"ಸ್ವಲ್ಪ."

"ಹಾಗಾದ್ರೆ ಇಲ್ಲೇ ನಿಲ್ಲೋಣ. ಉಸಿರು ತಗೋ."

ತಿರುವಿನಲ್ಲಿ ಗೋಡೆಯ ಮೇಲೆ ಬೀರು ಕೆರೆದ ಗುರುತು ಇತ್ತು. ಸಾಮಾನಕ್ಕ ಅದರ ಮೇಲೆ ಕೈಯಿಟ್ಟು ನಿಂತಳು. ಜೀವಮಾನವಿಡೀ ಹೇಳಿದವಳಿಗೆ ಇನ್ನೊಬ್ಬರು ಹೇಳಿದ ಹಾಗೆ ಕಾಲಿಡುವುದು ಹೇಗಿರುತ್ತದೆಂದು ಗೊತ್ತಿರಲಿಲ್ಲ. ಹಗುರ ಇತ್ತು. ಕಣ್ಣು ಕಾಲಿನ ಮೇಲೆ ಇಡಬೇಕಾಗಿರಲಿಲ್ಲ. ಮಗಳ ಮುಖ ನೋಡುತ್ತಾ ಹತ್ತಿದಳು.

ಮನೆ ಅವಳು ಬಿಟ್ಟುಹೋದ ಹಾಗೆ ಇರಲಿಲ್ಲ. ಹಗ್ಗವನ್ನು ಅಜ್ಜಿಯ ಕೈಗೆಟಕುವಷ್ಟು ಕೆಳಗೆ ಕಟ್ಟಿದ್ದರು. ಸಕ್ಕರೆ ಡಬ್ಬ ಮೂರನೇ ಹಲಗೆಯಿಂದ ಮೊದಲನೆಯದಕ್ಕೆ ಇಳಿದಿತ್ತು. ಕೆಟಲಿನ ಹಿಡಿಗೆ ಬಟ್ಟೆ ಸುತ್ತಿತ್ತು. ನಲ್ಲಿಯ ಕೆಳಗಿನ ಗೋಡೆಯ ಮೇಲೆ ನೀರಿನ ಕಲೆ. ಮುಂದಿನ ಕೋಣೆಯಲ್ಲಿ ಮಂಚ, ಅದರ ಮೇಲೆ ಎರಡು ಗುಲಾಬಿ ದಿಂಬು. ಸಾಮಾನಕ್ಕನ ಕಣ್ಣು ಒಂದೊಂದರ ಮೇಲೂ ನಿಂತು ಮುಂದಕ್ಕೆ ಹೋಯಿತು. ಕೈ ಮಾತ್ರ ಯಾವುದನ್ನೂ ಮುಟ್ಟಲಿಲ್ಲ.

"ಬಂದ್ಯಾ ತಾಯಿ?" ಅತ್ತೆ ಮಂಚದ ತುದಿಯಿಂದ ಕೈ ಚಾಚಿದರು. "ನೀನಿಲ್ದೆ ನಾನು ಹಾಳಾಗ್ಹೋದೆ ಅಂತ ಹೇಳೋಣ ಅಂದ್ಕೊಂಡಿದ್ದೆ. ಹೇಳೋಕೆ ಬಾಯಿ ಬರ್ತಿಲ್ಲ. ಸಕ್ಕರೆ ಸುಲಭವಾಗಿ ಸಿಗ್ತಿದೆ."

ಸಾಮಾನಕ್ಕ ಮಂಚದ ಮೇಲೆ ಕೂತು ಕಾಲು ನೀಡಿದಳು. ಕೈಯಲ್ಲಿ ಕೋಲು ಉಳಿದಿತ್ತು. ಗೋಡೆಗೆ ಒರಗಿಸಲೋ, ಮಂಚದ ಕೆಳಗೆ ಸರಿಸಲೋ ಎಂದು ಸುತ್ತ ನೋಡಿದಳು. ಆಮೇಲೆ ದೊಡ್ಡವಳ ಕಡೆ ತಿರುಗಿದಳು.

"ಮಗಳೇ, ಈ ಕೋಲು ಎಲ್ಲಿಡ್ಲಿ?"

ದೊಡ್ಡವಳು ಒಂದು ಕ್ಷಣ ಯೋಚಿಸಿದಳು. "ನಿನ್ನ ಕೈಗೆ ಎಲ್ಲಿ ಸಿಗುತ್ತೋ ಅಲ್ಲಿಡು," ಎಂದು ಹೇಳಿ, ಕೆಟಲಿಗೆ ನೀರು ಹಿಡಿಯಲು ಒಳಗೆ ಹೋದಳು.